ಕಾಲಂ ಮೂರು, ಕಾಲಂ ಒಂಬತ್ತು

ಅಬ್ಬಿಗೇರಿಯ ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಉತಾರಗಳಿವೆ. ಮಡಿಕೆ ಬಿದ್ದಲ್ಲಿ ಕಾಗದ ಹರಿದಿದೆ, ಮಸಿ ಕಂದಿದೆ. 1956ರವರೆಗೆ ನಮ್ಮ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಪಹಣಿಗೆ ಉತಾರ, ಗ್ರಾಮ ಲೆಕ್ಕಾಧಿಕಾರಿಗೆ ತಲಾಟಿ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವುದು ಅದಕ್ಕೇ.

ಉತಾರ ಕೈಗೆ ಬಂತೆಂದರೆ ಅಜ್ಜ ಮೊದಲು ತಾಳೆ ನೋಡುತ್ತಿದ್ದ. ಸಾಗುವಳಿಗೆ ಬಾರದ ಖರಾಬು ಕಳೆದು ಉಳಿದ ವಿಸ್ತೀರ್ಣ ಒಂದು ಕಡೆ, ಹಿಸ್ಸೆದಾರರ ಪಾಲು ಇನ್ನೊಂದು ಕಡೆ. ಬೆರಳ ಗೆಣ್ಣೆಣಿಸುತ್ತ, "ತಮ್ಮಾ, ನಲವತ್ತ ಗುಂಟೆ ಆತಂದ್ರ ಒಂದ ಎಕರೆ, ಮರೀಬ್ಯಾಡ" ಎನ್ನುತ್ತಿದ್ದ. ಸರ್ವೆ ಸರಪಳಿ 33 ಅಡಿ ಉದ್ದ. ಅದರ ಚೌಕವೇ ಗುಂಟೆ. ಗುಂಟೆಗೆ 16 ಆಣೆ.

ಮುಂದೆ 'ಭೂಮಿ' ಯೋಜನೆ ಬಂತು. 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗತೊಡಗಿತು. ಅಜ್ಜ ನೋಡುತ್ತಿದ್ದ ತಾಳೆಗೂ ಹೊಸ ಹೆಸರು ಬಂತು: ಕಾಲಂ 3ರಲ್ಲಿ ವಿಸ್ತೀರ್ಣ, ಕಾಲಂ 9ರಲ್ಲಿ ಸ್ವಾಧೀನದಾರರು ಮತ್ತು ಅವರ ಪಾಲು. ಇವೆರಡೂ ಹೊಂದದ ಪಹಣಿಗಳ ತಿದ್ದುಪಡಿಗೆ ರೈತರು ಇಂದಿಗೂ ಅಲೆಯುತ್ತಾರೆ.

ಮನೆಯ ಉತಾರಗಳನ್ನೆಲ್ಲ ಒಂದು ಕೋಷ್ಟಕಕ್ಕಿಳಿಸಿ ನಾನೊಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಕೇಳುವುದು ಒಂದೇ ಪ್ರಶ್ನೆ: ಕಾಲಂ 9ರ ಮೊತ್ತ ಕಾಲಂ 3ಕ್ಕೆ ಸಮವಾಗದ ಸಾಲು ಇದೆಯೇ? ಮೊದಲ ಸಲ ಸರಿಯಿದ್ದ ಉತಾರವನ್ನೂ ಅದು ತಪ್ಪೆಂದಿತು. 7 ಎಕರೆ 10 ಗುಂಟೆಯ ಹೊಲ, ಇಬ್ಬರಿಗೂ 3 ಎಕರೆ 25 ಗುಂಟೆ. ನಾನು 3.25 ಎಂದು ತುಂಬಿದ್ದೆ. ಯಂತ್ರ ಕೂಡಿ 6.50 ಎಂದಿತು. ಅಜ್ಜ ಹೇಳಿದ ನಲವತ್ತನ್ನು ನಾನು ಯಂತ್ರಕ್ಕೆ ಹೇಳಿರಲಿಲ್ಲ. ಎಕರೆಗೆ 640 ಆಣೆಯಂತೆ ಎಲ್ಲವನ್ನೂ ಆಣೆಗಿಳಿಸಿದೆ. ಎರಡೂ ಕಡೆ 4640 ಬಂತು.

ಕೊನೆಗೆ ಒಂದೇ ಸಾಲು ಉಳಿಯಿತು. ಹೊಲ 4 ಎಕರೆ 20 ಗುಂಟೆ, ಪಾಲಿನ ಮೊತ್ತ 9 ಎಕರೆ. ಅಪ್ಪ, ಕಾಕಾ ಇಬ್ಬರ ಹೆಸರೂ ಏರಿದ್ದವು. ಅಜ್ಜನ ಹೆಸರು ಮಾತ್ರ ಇಳಿದಿರಲಿಲ್ಲ. ತಪ್ಪು ಎಲ್ಲಿದೆ ಎಂದು ಯಂತ್ರ ತೋರಿಸಿತು. ಯಾರ ಹೆಸರು ಕಡಿಮೆ ಮಾಡಬೇಕೆಂದು ಹೇಳಿದ್ದು ಅದೇ ಟ್ರಂಕಿನ ತಳದಲ್ಲಿದ್ದ, ಅಜ್ಜನ ಹೆಬ್ಬೆಟ್ಟಿನ ಗುರುತಿದ್ದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಪತ್ರ.