ಬೊಗಲೂಸಾದ ಗೆರೆ

ಅಮೆರಿಕದ ಲೂಯಿಸಿಯಾನಾ ರಾಜ್ಯದ ಬೊಗಲೂಸಾ ತಾನಾಗಿ ಬೆಳೆದ ಊರಲ್ಲ, ಒಂದು ಕಂಪನಿ ಕಟ್ಟಿದ ಊರು. ಪೈನ್ ಕಾಡಿನ ನಡುವೆ ಗ್ರೇಟ್ ಸದರ್ನ್ ಲಂಬರ್ ಕಂಪನಿ 1908ರಲ್ಲಿ ಮರ ಕೊಯ್ಯತೊಡಗಿತು. ಕೂಲಿಗಾರರಿಗೆ ಮನೆ ಕಟ್ಟುವಾಗಲೇ ಬಿಳಿಯರ ಕೇರಿ, ಕಪ್ಪು ಜನರ ಕೇರಿ ಎಂದು ಗೆರೆ ಎಳೆಯಿತು. 1919ರಲ್ಲಿ ಎರಡೂ ಕೇರಿಯ ಕಾರ್ಮಿಕರು ಒಂದಾಗಿ ಸಂಘ ಕಟ್ಟಲು ಹೊರಟಾಗ, ಕಪ್ಪು ಮುಖಂಡ ಸೋಲ್ ಡಾಕಸ್‌ಗೆ ಬೆಂಗಾವಲಾಗಿ ನಿಂತಿದ್ದ ಸಂಘದ ನಾಲ್ವರು ಬಿಳಿಯರು ಗುಂಡಿಗೆ ಬಲಿಯಾದರು. 1965ರಲ್ಲೂ ನಾಗರಿಕ ಹಕ್ಕಿನ ಹೋರಾಟಗಾರರನ್ನು ಕಾಯಲು ಕಪ್ಪು ಜನ ಬಂದೂಕು ಹಿಡಿಯಬೇಕಾಯಿತು. ಆ ಊರಿನವರೇ ಆದ ಹೃದ್ರೋಗ ತಜ್ಞ ಜೆರಾಲ್ಡ್ ಬೆರೆನ್ಸನ್ 1970ರ ದಶಕದ ಆರಂಭದಲ್ಲಿ ಸಾವಿರಾರು ಶಾಲಾಮಕ್ಕಳ ತೂಕ, ರಕ್ತದೊತ್ತಡ, ರಕ್ತದ ಕೊಬ್ಬು ಅಳೆಯತೊಡಗಿದರು. ಎರಡು ಕೇರಿಗಳ ಮಕ್ಕಳೂ ಒಂದೇ ಊರಿನಲ್ಲಿ ಸಿಕ್ಕುತ್ತಿದ್ದುದು ಅಧ್ಯಯನಕ್ಕೆ ಅನುಕೂಲವಾಯಿತು. ಕಂಪನಿ ಎಳೆದ ಗೆರೆ ಹೀಗೆ ವೈದ್ಯರ ಪಟ್ಟಿಯಲ್ಲಿ ಒಂದು ಕಲಮ್ಮಾಗಿ ಕೂತಿತು.

ಆ ಕಲಮ್ಮಿನ ಅಂಕಿಗಳು ಒಂದೇ ದಿಕ್ಕಿಗೆ ವಾಲಲಿಲ್ಲ ಎಂಬುದೇ ನನ್ನ ವಾದದ ತಿರುಳು. ಸರಾಸರಿಯಲ್ಲಿ ಕಪ್ಪು ಮಕ್ಕಳಿಗೆ ಎಚ್‌ಡಿಎಲ್, ಅಂದರೆ 'ಒಳ್ಳೆಯ' ಕೊಲೆಸ್ಟರಾಲ್, ಬಿಳಿಯ ಮಕ್ಕಳಿಗಿಂತ ಹೆಚ್ಚಿತ್ತು, ಟ್ರೈಗ್ಲಿಸರೈಡ್ ಕಡಿಮೆಯಿತ್ತು. ಅದೇ ಮಕ್ಕಳಲ್ಲಿ ಇನ್ಸುಲಿನ್ ಮಟ್ಟ ಮಾತ್ರ ಮೇಲಿತ್ತು. ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿದರೆ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದ ಸ್ಥಿತಿ, ಇದೆಯೆಂದು ಶಂಕಿಸುವುದು ವೈದ್ಯಕೀಯದ ರೂಢಿ. ಬಿಳಿಯರ ಮೈಯಿಂದ ಹುಟ್ಟಿದ ಆ ಅಳತೆಗೋಲನ್ನು ಕಪ್ಪು ಮಗುವಿಗೆ ಹಿಡಿದರೆ, ಸಕ್ಕರೆ ಕಾಯಿಲೆಯ ಹಾದಿಯಲ್ಲಿರುವ ಮಗುವೂ ಆರೋಗ್ಯವಾಗಿದೆ ಎಂದು ಮನೆಗೆ ಕಳಿಸುವ ಅಪಾಯವಿದೆ. ಇದು ಸಣ್ಣ ತಪ್ಪಲ್ಲ.

ಹಾಗಾದರೆ ಇದೆಲ್ಲ ಜೀನ್‌ನ ಮಾತಲ್ಲವೇ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆಟ್ಟ ಕೊಲೆಸ್ಟರಾಲನ್ನು ತಗ್ಗಿಸುವ ಪಿಸಿಎಸ್‌ಕೆ9 ಜೀನ್‌ನ ಕೆಲವು ರೂಪಾಂತರಗಳು ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಪತ್ತೆಯಾದದ್ದು ಕಪ್ಪು ಜನರಲ್ಲೇ. ಆದರೆ ಅವುಗಳನ್ನು ಹೊತ್ತವರು ನೂರಕ್ಕೆ ಎರಡು ಮೂರು ಮಂದಿ. ಅಷ್ಟು ಜನರ ಜೀನ್ ಇಡೀ ಕೇರಿಯ ಹಣೆಬರಹ ಹೇಳಲಾರದು. ಕಲಮ್ಮಿನಲ್ಲಿ ಜೀನ್ ಇದೆ. ಜೊತೆಗೆ ಕೂಲಿ, ಊಟ, ಆಸ್ಪತ್ರೆಯ ದೂರ, ತಾಯಿ ಬಸುರಿಯಾಗಿದ್ದಾಗಿನ ಆರೋಗ್ಯವೂ ಇದೆ. ಅವನ್ನೆಲ್ಲ ಒಂದು ಅಕ್ಷರಕ್ಕೆ ಇಳಿಸಿ ಜನಾಂಗ ಎಂದುಬಿಟ್ಟರೆ, ಹುಡುಕಬೇಕಾದ ಕಾರಣ ಅಲ್ಲಿಯೇ ಹೂತುಹೋಗುತ್ತದೆ.

ನಮ್ಮ ಮೈಸೂರಿನ ಸಾಕ್ಷ್ಯ ಇಲ್ಲಿ ನೆರವಿಗೆ ಬರುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಇನ್ಸುಲಿನ್ ಪ್ರತಿರೋಧದ ಜೊತೆಗೇ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು; ಬೊಗಲೂಸಾದ ಕಪ್ಪು ಮಕ್ಕಳಿಗೆ ತದ್ವಿರುದ್ಧ. ಬಿಳಿಯರಲ್ಲದವರ ರಕ್ತಕ್ಕೆ ಒಂದೇ ನಡತೆ ಎಂಬ ಊಹೆಯನ್ನು ಮುರಿಯಲು ಇಷ್ಟೇ ಸಾಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಇನ್ಸುಲಿನ್ ಪ್ರತಿರೋಧ ಹೆಚ್ಚು ಕಂಡಿತು. ಅಲ್ಲಿ ಎಲ್ಲರೂ ಒಂದೇ ಸೀಮೆಯವರು, ವ್ಯತ್ಯಾಸ ಗರ್ಭದಲ್ಲಿತ್ತು. ಬೆರೆನ್ಸನ್ ತಂಡ 1998ರಲ್ಲಿ ಪ್ರಕಟಿಸಿದ ವರದಿಯೂ ಜನಾಂಗದ ಹೆಸರಿಗಿಂತ ಮೈಯೊಳಗಿನ ಕಾರಣಗಳತ್ತಲೇ ಬೆರಳು ಮಾಡುತ್ತದೆ. ಅಪಘಾತ ಮೊದಲಾದ ಕಾರಣಗಳಿಂದ ಸತ್ತ 204 ಎಳೆಯರ ರಕ್ತನಾಳ ತೆರೆದು ನೋಡಿದಾಗ, ಬದುಕಿದ್ದಾಗಿನ ಅಳತೆ ಸಿಕ್ಕಿದ್ದವರ ಮೈಯಲ್ಲಿ ತೂಕ, ರಕ್ತದೊತ್ತಡ, ಕೊಬ್ಬಿನ ದೋಷಗಳು ಎಷ್ಟು ಒಟ್ಟುಗೂಡಿದ್ದವೋ ಕೊಬ್ಬಿನ ಕಲೆ ಅಷ್ಟಷ್ಟು ಹರಡಿತ್ತು.