ಹೈದರ್ ಅಲಿಯ ತೋಟ, ನಮ್ಮೂರ ನೆರಳು

1760ರಲ್ಲಿ ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ತೋಟ ಹಾಕಿಸಿದರು. ಸಿರಾದ ಮೊಘಲ್ ತೋಟವೇ ಅದಕ್ಕೆ ಮಾದರಿ ಎನ್ನುತ್ತಾರೆ. ಮಗ ಟಿಪ್ಪು ಸುಲ್ತಾನರು ಪರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದರು. ಇಂದು ಅದು ಸುಮಾರು 240 ಎಕರೆ. ಬೇಸಿಗೆಯ ಮಧ್ಯಾಹ್ನ ರಸ್ತೆಯಿಂದ ಒಳಗೆ ಕಾಲಿಟ್ಟರೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ನೆರಳು ನೆಲವನ್ನು ಕಾಯಲು ಬಿಡುವುದಿಲ್ಲ; ಎಲೆಯ ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ. ಕಾಂಕ್ರೀಟಾದರೋ ಹಗಲು ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೇ ಕಕ್ಕುತ್ತದೆ.

ನಮ್ಮಲ್ಲಿ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಇಂದಿರಾ ಗಾಜಿನ ಮನೆ ಉದ್ಯಾನ, ಧಾರವಾಡದ ಆಜಾದ್ ಪಾರ್ಕ್ ಉಳಿದಿವೆ. ಆದರೆ ಹುಬ್ಬಳ್ಳಿ-ಧಾರವಾಡ ರಸ್ತೆಯ ಮರಗಳು ಬಿಆರ್‌ಟಿಎಸ್ ಅಗಲೀಕರಣದಲ್ಲಿ ಉರುಳಿದವು. 2018ರಲ್ಲಿ ಚಿಗರಿ ಬಸ್ ಓಡತೊಡಗಿತು. ಬಸ್ಸಿನೊಳಗೆ ತಂಪು, ನಿಲ್ದಾಣಕ್ಕೆ ನಡೆವ ದಾರಿ ಕೆಂಡ!

ಬೇರೆಯವರನ್ನೇ ಏಕೆ ಅನ್ನಬೇಕು? ನಮ್ಮ ಮಸೀದಿಯ ಅಂಗಳಕ್ಕೆ ಫರ್ಸಿ ಹಾಸುವಾಗ ಹಳೆಯ ಬೇವಿನ ಮರ ಕಡಿಸಿದೆವು. ಒಪ್ಪಿಗೆ ಕೊಟ್ಟವರಲ್ಲಿ ನಾವೂ ಒಬ್ಬರು. ಈಗ ಜುಮಾ ದಿನ ಹೊರಗಿನ ಸಾಲಿನ ಹಿರಿಯರಿಗೆ ಸಜ್ದಾದಲ್ಲಿ ಅಂಗೈ ಊರಲಾಗದು. ಬರುವ ಮಳೆಗಾಲದಲ್ಲಿ ನಾಲ್ಕು ಫರ್ಸಿ ಕಿತ್ತು ಅಲ್ಲೇ ಬೇವಿನ ಸಸಿ ನೆಡುವುದೆಂದು ಕಮಿಟಿಯವರೂ ನಾವೂ ಮಾತಾಡಿಕೊಂಡಿದ್ದೇವೆ.