ಹತ್ತು ಜನರ ಪ್ರಾರ್ಥನೆ, ನೂರು ಜನರ ವಂತಿಗೆ

ಡಬ್ಲಿನ್ ನಗರದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ರಾಯಲ್ ಕಾಲುವೆಯ ದಡದಲ್ಲಿರುವ ಮೇನೂತ್ ಪಟ್ಟಣವು ಐರಿಷ್ ಜನರ ಮನಸ್ಸಿನಲ್ಲಿ ಪಾದ್ರಿಗಳ ಊರೆಂದೇ ನೆಲೆಗೊಂಡಿದೆ. 1795ರಲ್ಲಿ ಇಲ್ಲಿ ಸ್ಥಾಪಿತವಾದ ಸೇಂಟ್ ಪ್ಯಾಟ್ರಿಕ್ಸ್ ಕಾಲೇಜು ಈವರೆಗೆ 11,000ಕ್ಕೂ ಹೆಚ್ಚು ಕ್ಯಾಥೊಲಿಕ್ ಪಾದ್ರಿಗಳನ್ನು ಸಿದ್ಧಗೊಳಿಸಿದೆ. ಇಂತಹ ಊರಿನಲ್ಲಿ ನೆಲೆಸಿರುವ ಕನ್ನಡಿಗನಾದ ನಾನು ಪಾದ್ರಿಯೂ ಪುರೋಹಿತರೂ ಇಲ್ಲದ ಒಂದು ಪುಟ್ಟ ಯೆಹೂದಿ ಪ್ರಾರ್ಥನಾಸಭೆಗೆ ಪೋಷಕ ಸದಸ್ಯನಾಗಿದ್ದೇನೆ. ನಾನು ಯೆಹೂದಿಯಲ್ಲ, ಮತಾಂತರದ ವಿಚಾರವೂ ಇಲ್ಲಿಲ್ಲ. ಸಹೋದ್ಯೋಗಿಯೊಬ್ಬರು ತಮ್ಮ ತಂದೆಯ ವರ್ಷಾಬ್ದಿಯಂದು ಒಂಬತ್ತು ಜನರೊಡನೆ ಕಾದು ಕುಳಿತು, ಹತ್ತನೆಯವನು ಬಾರದೆ ಮನೆಗೆ ಮರಳಿದ ಸಂಗತಿಯನ್ನು ಕೇಳಿದಂದಿನಿಂದ ಈ ಸಮುದಾಯದ ಇತಿಹಾಸವನ್ನು ತಿಳಿಯುವ ಹಂಬಲ ನನ್ನಲ್ಲಿ ಮೂಡಿತು. ಅದರ ಸಾರವನ್ನು ಸಮ್ಮೇಳನದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಯೆಹೂದಿಗಳಲ್ಲಿ ರಬ್ಬಿ ಎಂಬಾತನು ಮೂಲತಃ ಗುರು ಹಾಗೂ ಧರ್ಮನಿರ್ಣಯ ಮಾಡುವ ಪಂಡಿತ. ಪೂಜೆ ಮಾಡಿಸುವ ಅರ್ಚಕನಲ್ಲ. ಹೀಬ್ರೂ ಪ್ರಾರ್ಥನೆಗಳನ್ನು ಬಲ್ಲ ಯಾವ ಗೃಹಸ್ಥನಾದರೂ ಮುಂದೆ ನಿಂತು ಸಭೆಯನ್ನು ನಡೆಸಬಹುದು. ಆದರೆ ಹತ್ತು ಮಂದಿ ವಯಸ್ಕರು ಕೂಡಿರಬೇಕೆಂಬುದು ನಿಯಮ. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಸಂಪ್ರದಾಯಸ್ಥರು ಗಂಡಸರನ್ನು ಮಾತ್ರ ಎಣಿಸಿದರೆ, ಪ್ರಗತಿಪರ ಸಭೆಗಳು ಹೆಂಗಸರನ್ನೂ ಸಮಾನವಾಗಿ ಎಣಿಸುತ್ತವೆ. ಮಿನ್ಯಾನ್ ಕೂಡದಿದ್ದರೆ ಟೋರಾ ಗ್ರಂಥದ ಸಾರ್ವಜನಿಕ ಪಠನವಿಲ್ಲ. ಮೃತರಿಗಾಗಿ ಮಕ್ಕಳು ಹೇಳುವ ಕಡ್ಡಿಶ್ ಪ್ರಾರ್ಥನೆಯೂ ಇಲ್ಲ. ಎಷ್ಟೇ ದೊಡ್ಡ ಪಂಡಿತನಾದರೂ ಒಂಟಿಯಾಗಿ ಅದನ್ನು ಹೇಳಲಾರ; ಹತ್ತು ಜನ ಸಾಮಾನ್ಯರು ಸೇರಿದರೆ ಹೇಳಬಲ್ಲರು.

ಇನ್ನೊಂದು ನಿಯಮವೂ ಗಮನಾರ್ಹವಾದುದು. ಶನಿವಾರದ ಸಬ್ಬತ್ ದಿನದಂದು ಸಂಪ್ರದಾಯಸ್ಥ ಯೆಹೂದಿಗಳು ಹಣವನ್ನು ಮುಟ್ಟುವುದಿಲ್ಲ. ಇಗರ್ಜಿಯಲ್ಲಿ ಭಾನುವಾರ ಕಾಣಿಕೆಯ ತಟ್ಟೆ ಸುತ್ತುತ್ತದೆ. ನಮ್ಮ ದೇವಾಲಯಗಳಲ್ಲಿ ಮಂಗಳಾರತಿಯ ತಟ್ಟೆಗೆ ಕಾಸು ಬೀಳುತ್ತದೆ. ಸಬ್ಬತ್ತಿನ ಪ್ರಾರ್ಥನೆಯಲ್ಲಿ ಈ ಆದಾಯಕ್ಕೆ ಎಡೆಯಿಲ್ಲ. ಆದಕಾರಣ ಕಟ್ಟಡದ ಬಾಡಿಗೆ, ದೀಪ, ಸ್ಮಶಾನದ ಪಾಲನೆ ಎಲ್ಲವೂ ಮೊದಲೇ ಗೊತ್ತುಮಾಡಿದ ಸದಸ್ಯತ್ವದ ವಂತಿಗೆಯನ್ನು ಅವಲಂಬಿಸಿವೆ. ಹೀಗೆ ಸದಸ್ಯತ್ವವು ಅಲಂಕಾರವಾಗಿರದೆ ಸಭೆಯ ಅಡಿಗಲ್ಲೇ ಆಗಿದೆ.

ಡಬ್ಲಿನ್ನಿನ ಚರಿತ್ರೆ ಇದಕ್ಕೆ ಸಾಕ್ಷಿ. ಬ್ಯಾಲಿಬೋ ಎಂಬಲ್ಲಿ 1718ರಷ್ಟು ಹಿಂದೆಯೇ ಯೆಹೂದಿಗಳ ಸ್ಮಶಾನವಿತ್ತು. 1880ರ ದಶಕದಿಂದೀಚೆಗೆ ಲಿಥುವೇನಿಯಾದ ಕಡೆಯಿಂದ ಬಡ ವಲಸಿಗರು ಬಂದು, ದಕ್ಷಿಣ ಡಬ್ಲಿನ್ನಿನ ಪೋರ್ಟೊಬೆಲ್ಲೊ ಬಡಾವಣೆಯಲ್ಲಿ ನೆಲೆಸಿದರು. ಜನ ಅದನ್ನು 'ಪುಟ್ಟ ಜೆರುಸಲೇಮ್' ಎಂದು ಕರೆದರು. ಅಡಿಲೇಡ್ ರಸ್ತೆಯಲ್ಲಿ 1892ರಲ್ಲಿ ಭವ್ಯವಾದ ಪ್ರಾರ್ಥನಾಮಂದಿರ ತೆರೆಯಿತಾದರೂ, ಈ ವಲಸಿಗರು ಲೆನಾಕ್ಸ್ ಬೀದಿ, ಸೇಂಟ್ ಕೆವಿನ್ಸ್ ಪೆರೇಡ್, ವಾಲ್‌ವರ್ತ್ ರಸ್ತೆ ಮುಂತಾದೆಡೆ ಸಾಲುಮನೆಗಳಲ್ಲಿಯೇ ತಮ್ಮ ಪುಟ್ಟ ಪ್ರಾರ್ಥನಾಸಭೆಗಳನ್ನು ಕಟ್ಟಿಕೊಂಡರು. ಹೊಸದಾಗಿ ಬಂದ ಬಡವನಿಗೆ ಊರಿನವರ ಮುಖ, ತಾಯ್ನುಡಿಯ ಮಾತು ದೊರೆಯುತ್ತಿದ್ದುದು ಅಲ್ಲಿಯೇ.

ಮುಂದಿನ ತಲೆಮಾರು ಅನುಕೂಲಸ್ಥರಾಗಿ ಹೊರವಲಯದ ಬಡಾವಣೆಗಳಿಗೆ ಹೋಯಿತು. ಅನೇಕರು ಇಂಗ್ಲೆಂಡ್, ಅಮೆರಿಕ, ಇಸ್ರೇಲ್ ಸೇರಿದರು. 1946ರ ಜನಗಣತಿಯಲ್ಲಿ 3,907 ಇದ್ದ ಯೆಹೂದಿಗಳ ಸಂಖ್ಯೆ 1991ರ ಹೊತ್ತಿಗೆ 1,581ಕ್ಕೆ ಇಳಿಯಿತು. ವಾಲ್‌ವರ್ತ್ ರಸ್ತೆಯ ಮಂದಿರ 1970ರ ದಶಕದಲ್ಲಿ ಮುಚ್ಚಿತು. 1985ರಲ್ಲಿ ಅದೇ ಕಟ್ಟಡದಲ್ಲಿ ಐರಿಷ್ ಯೆಹೂದಿ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದವರು ಬೆಲ್‌ಫಾಸ್ಟಿನಲ್ಲಿ ಜನಿಸಿ, ಡಬ್ಲಿನ್ನಿನಲ್ಲಿ ಬೆಳೆದು, ಇಸ್ರೇಲಿನ ಅಧ್ಯಕ್ಷರಾದ ಖಾಯಿಮ್ ಹರ್ಟ್‌ಜೋಗ್. 1999ರಲ್ಲಿ ಅಡಿಲೇಡ್ ರಸ್ತೆಯ ಮಂದಿರವೂ, 2016ರಲ್ಲಿ ಕಾರ್ಕ್ ನಗರದ ಮಂದಿರವೂ ಬಾಗಿಲು ಹಾಕಿದವು. ಹೊಸ ವಲಸೆಯಿಂದ ಸಂಖ್ಯೆ ತುಸು ಚೇತರಿಸಿಕೊಂಡು, 2022ರ ಗಣತಿಯಲ್ಲಿ 2,193 ಮಂದಿ ಇದ್ದರು.

ಇದರ ನಡುವೆ ಗಮನ ಸೆಳೆಯುವುದು 1946ರಲ್ಲಿ ಹುಟ್ಟಿದ ಡಬ್ಲಿನ್ ಯೆಹೂದಿ ಪ್ರಗತಿಪರ ಸಭೆ. ಪ್ರಸಿದ್ಧ ಹೆರಿಗೆ ವೈದ್ಯರೂ ಐರ್ಲೆಂಡಿನ ಪರವಾಗಿ ರಗ್ಬಿ ಆಡಿದವರೂ ಆದ ಡಾ. ಬೆಥೆಲ್ ಸೋಲೊಮನ್ಸ್ ಅದರ ಮೊದಲ ಅಧ್ಯಕ್ಷರು. ರಾತ್‌ಗಾರ್ ಬಡಾವಣೆಯಲ್ಲಿರುವ ಈ ಸಭೆಯ ಪ್ರಾರ್ಥನೆಗಳನ್ನು ಬಹುಮಟ್ಟಿಗೆ ಸದಸ್ಯರೇ ಸರದಿಯಂತೆ ನಡೆಸುತ್ತಾರೆ. ರಬ್ಬಿಗಳು ಹೊರಗಿನಿಂದ ಆಗಾಗ ಬಂದು ಹೋಗುತ್ತಾರೆ. ಅಮೆರಿಕದಲ್ಲಿಯೂ 1968ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆರಂಭವಾದ ಹವುರತ್ ಶಾಲೋಮ್ ಇಂಥದೇ ಮಾರ್ಗವನ್ನು ಹಿಡಿಯಿತು.

ಈ ಬಗೆಯ ಅನೇಕ ಸಭೆಗಳಲ್ಲಿ ಯೆಹೂದಿಗಳಲ್ಲದ ಪತಿ, ಪತ್ನಿ, ಮಿತ್ರರು ಪೋಷಕರಾಗಿ ಸೇರಲು ಅವಕಾಶವುಂಟು. ನನ್ನ ಸದಸ್ಯತ್ವವೂ ಅಂಥದು. ನನಗೆ ಮತದಾನದ ಹಕ್ಕಿಲ್ಲ, ನನ್ನ ತಲೆ ಹತ್ತರ ಎಣಿಕೆಗೆ ಸೇರದು. ಆದರೆ ಆ ಹತ್ತು ಜನ ಕೂಡುವ ಕೋಣೆ ಬೆಚ್ಚಗಿರಲು ನನ್ನ ವಾರ್ಷಿಕ ವಂತಿಗೆಯ ಒಂದು ಪಾಲು ಸಲ್ಲುತ್ತದೆ. ಹತ್ತನೆಯವನಾಗಲು ಬಾರದವನು ಮಾಡಬಹುದಾದ ಕೆಲಸವೂ ಒಂದಿದೆಯೆಂಬ ಸಮಾಧಾನ ನನ್ನದು.

ಈ ವೃತ್ತಾಂತಕ್ಕೆ ಕನ್ನಡ ನಾಡಿನ ನಂಟೂ ಉಂಟೆಂಬುದನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳಬೇಕು. ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳು ರಬ್ಬಿಯಿಲ್ಲದೆ, ಮಂದಿರವಿಲ್ಲದೆ ಶತಮಾನಗಳ ಕಾಲ ಮನೆಮನೆಯಲ್ಲಿಯೇ ಧರ್ಮವನ್ನು ಉಳಿಸಿಕೊಂಡವರು. ಎಣ್ಣೆ ತೆಗೆಯುವ ಕಸುಬಿನ ಇವರು ಶನಿವಾರ ಗಾಣ ಹೂಡದಿದ್ದುದರಿಂದ ನೆರೆಹೊರೆಯವರು 'ಶನಿವಾರ ತೇಲಿ' ಎಂದು ಕರೆದರು. ಅವರಲ್ಲೊಬ್ಬನಾದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದ ಅಧಿಕಾರಿಯಾಗಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕನು. ಬಿಡುಗಡೆಯಾದರೆ ದೇವರಿಗೊಂದು ಮಂದಿರ ಕಟ್ಟಿಸುವೆನೆಂದು ಸೆರೆಯಲ್ಲಿ ಹರಕೆ ಹೊತ್ತನೆಂಬುದು ಐತಿಹ್ಯ. 1796ರಲ್ಲಿ, ಎಂದರೆ ಮೇನೂತಿನ ಕಾಲೇಜು ಹುಟ್ಟಿದ ಮರುವರ್ಷ, ಮುಂಬಯಿಯ ಮೊದಲ ಯೆಹೂದಿ ಮಂದಿರ ಆತನಿಂದ ನಿರ್ಮಾಣವಾಯಿತು. ಪಾದ್ರಿಗಳನ್ನು ರೂಪಿಸಲು ಇಲ್ಲೊಂದು ಕಾಲೇಜು. ಪಾದ್ರಿಗಳಿಲ್ಲದವರಿಗೆ ಅಲ್ಲೊಂದು ಮಂದಿರ!

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೂ ವೇತನದ ಪುರೋಹಿತರಿಲ್ಲ. ವೃತ್ತಿಯಿಂದ ವೈದ್ಯರೋ ಇಂಜಿನಿಯರರೋ ಆದವರು ರಜೆಯ ದಿನ ಕುರ್ಚಿ ಜೋಡಿಸಿ ಯುಗಾದಿಯನ್ನೂ ರಾಜ್ಯೋತ್ಸವವನ್ನೂ ನಡೆಸುತ್ತಾರೆ. ಹಬ್ಬದೂಟದ ದಿನ ಮುನ್ನೂರು ಜನ, ಸರ್ವಸದಸ್ಯರ ಸಭೆಗೆ ಒಂಬತ್ತು ಜನ ಎಂಬ ಅನುಭವ ಪ್ರತಿನಿಧಿಗಳಲ್ಲಿ ಹಲವರಿಗೆ ಹೊಸದಲ್ಲ. ನಮ್ಮ ಮಕ್ಕಳು ಕನ್ನಡ ಬಾರದವರನ್ನು ವರಿಸುತ್ತಿರುವ ಈ ಕಾಲದಲ್ಲಿ ಆ ಅಳಿಯ ಸೊಸೆಯಂದಿರನ್ನು ಅತಿಥಿಗಳಂತೆ ಕೂರಿಸಿ ಕಳುಹಿಸುವುದೇ, ಅಥವಾ ಪೋಷಕ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆದುಕೊಳ್ಳುವುದೇ ಎಂಬುದನ್ನು ಸಂಘಗಳ ಪದಾಧಿಕಾರಿಗಳು ಈ ಸಮ್ಮೇಳನದಲ್ಲಿ ಚರ್ಚಿಸಲಿ. ಪೋರ್ಟೊಬೆಲ್ಲೊದ ಬೀದಿಗಳಲ್ಲಿ ಒಂದರ ಹಿಂದೊಂದು ಬಾಗಿಲುಗಳು ಮುಚ್ಚಿದ ಬಗೆಯನ್ನು ಕಂಡವನಾಗಿ ನಾನು ಎರಡನೆಯದರ ಪರ.